ಹೊಳಬಸಪ್ಪನಿಗೆ ಕೇಳಿಸುತ್ತಿದ್ದ ಏಳು ದನಿಗಳು

ಹೊಳಬಸಪ್ಪ ಹಂಜಗಿ ತನ್ನ ಆಯುಷ್ಯದಲ್ಲಿ ಹೇಳಿದ ದೊಡ್ಡ ಸುಳ್ಳು ಎರಡೇ ಪದದ್ದು. ಅದೂ ಪೂರ್ತಿ ಸುಳ್ಳಲ್ಲ. ನಕಾಶೆಯ ವಿಷಯದಲ್ಲಿ ಸ್ವಲ್ಪ ಉದಾರವಾಗಿ ನಡೆದುಕೊಂಡಿದ್ದ, ಅಷ್ಟೆ.

ಹದಿನಾಲ್ಕು ವರ್ಷದ ಹಿಂದೆ ಅವನೂ ಹೆಂಡತಿ ಕಲ್ಲವ್ವನೂ ಚಿಂಚವಾಡದ ಹೌಸಿಂಗ್ ಸೊಸೈಟಿಯೊಂದಕ್ಕೆ ಮನೆ ಬದಲಿಸಿದ ದಿನ, ಎದುರು ಮನೆಯ ರಾಧಾಬಾಯಿ ಬಾಗಿಲಿಗೆ ಬಂದು, ಯಾವ ಕಡೆಯವರು ಎಂದು ಮರಾಠಿಯಲ್ಲಿ ವಿಚಾರಿಸಿದರು. ಅವನದು ಇಂಡಿ ತಾಲೂಕಿನ ಒಂದು ಹಳ್ಳಿ. ಅದನ್ನು ಹೇಳಿದರೆ ಇಂಡಿ ಎಲ್ಲಿದೆ ಎಂದು ಹೇಳಬೇಕು, ಆಮೇಲೆ ಅಲ್ಲಿಗೆ ಯಾವ ರೈಲು ಹೋಗುತ್ತದೆ ಎಂದು ಹೇಳಬೇಕು. ಕಬ್ಬಿಣದ ಕಪಾಟಿನ ಒಂದು ಮೂಲೆ ಆಗ ಅವನ ಕೈಯಲ್ಲಿತ್ತು. "ಧಾರವಾಡ ಸೈಡ್" ಎಂದುಬಿಟ್ಟ.

ರಾಧಾಬಾಯಿ ನಿವೃತ್ತ ಸಂಗೀತ ಶಿಕ್ಷಕಿ. ಮನೆಯಲ್ಲಿ ಎರಡು ತಂಬೂರಿ. ಸೊಸೈಟಿಯ ಹಾಲ್‌ನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಅವರೇ ನಡೆಸುವ ಸಂಗೀತದ ಬೈಠಕ್ಕು. ಧಾರವಾಡ ಎಂಬ ಹೆಸರು ಕಿವಿಗೆ ಬಿದ್ದದ್ದೇ ಎರಡೂ ಕೈ ಜೋಡಿಸಿದರು. "ಮಗ ಗಾಣಂ ತುಮ್ಚ್ಯಾ ರಕ್ತಾತಚ್ ಆಹೆ" ಎಂದರು. ಹಾಗಾದರೆ ಹಾಡು ನಿಮ್ಮ ರಕ್ತದಲ್ಲೇ ಇದೆ ಎಂದು ಅರ್ಥ. ಇಲ್ಲ ಎನ್ನಲು ಅವಕಾಶವಿತ್ತು. ಆದರೆ ಹಿರಿಯರೊಬ್ಬರು ಕೈ ಮುಗಿದು ನಿಂತಿರುವಾಗ, ಕಪಾಟು ಕಾಲ ಮೇಲೆ ಕೂತಿರುವಾಗ, ಇಲ್ಲ ಎನ್ನುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಅಂದಿನಿಂದ ಬೈಠಕ್ಕಿನ ಮೊದಲ ಸಾಲಿನ ನಡುವಿನ ಕುರ್ಚಿ ಹೊಳಬಸಪ್ಪನದಾಯಿತು. ಅವನಿಗೆ ಸ ಯಾವುದು ಪ ಯಾವುದು ಗೊತ್ತಿರಲಿಲ್ಲ, ಗೊತ್ತಾಗಲೂ ಇಲ್ಲ. ಕಣ್ಣು ಮುಚ್ಚಿ ಕೂಡುತ್ತಿದ್ದ. ಹಿಂದಿನ ಸಾಲಿನಲ್ಲಿ ಎ ವಿಂಗಿನ ನಿವೃತ್ತ ಬ್ಯಾಂಕ್ ಮ್ಯಾನೇಜರು ಕೂಡುತ್ತಿದ್ದರು. ಅವರು "ವ್ಹಾ" ಎಂದ ಮೇಲೆ ಅರ್ಧ ಕ್ಷಣ ಬಿಟ್ಟು ಇವನೂ ಮೆಲ್ಲಗೆ "ವ್ಹಾ" ಎನ್ನುತ್ತಿದ್ದ. ಆ ಅರ್ಧ ಕ್ಷಣದ ವಿಳಂಬವನ್ನು ಜನ ಆಳ ಎಂದು ತಿಳಿದರು. ಲೋಕದಲ್ಲಿ ಎಷ್ಟೋ ಮಂದಿಯ ಆಳ ಇದೇ ತರಹದ್ದು, ಆ ಮಾತು ಬೇರೆ.

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದೂ ಕೇಳುವ ಕೆಲಸವೇ. ತಳೇಗಾಂವದ ಹತ್ತಿರದ ಒಂದು ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ದಪ್ಪ ಗೋಡೆಯ ಒಂದು ಸಣ್ಣ ಕೋಣೆ. ದಿನಕ್ಕೆ ಅರವತ್ತು ಗೇರ್‌ಬಾಕ್ಸುಗಳು ಒಂದೊಂದಾಗಿ ಅವನ ಮುಂದೆ ಬಂದು ತಿರುಗುತ್ತಿದ್ದವು. ಸಮನಾಗಿ ಗುಂಯ್ ಎಂದರೆ ಹಸಿರು ಚೀಟಿ. ಕೀರಿದರೆ, ಕೆಮ್ಮಿದರೆ, ಗೊರಗೊರ ಎಂದರೆ, ಒಟ್ಟಿನಲ್ಲಿ ತನ್ನದೇ ಒಂದು ದನಿ ತೆಗೆದರೆ ಕೆಂಪು ಚೀಟಿ. ಇಪ್ಪತ್ತೆರಡು ವರ್ಷ ಅವನು ಯಾವ ಗೇರ್‌ಬಾಕ್ಸಿನ ವ್ಯಕ್ತಿತ್ವವನ್ನೂ ಸಹಿಸಿಕೊಂಡವನಲ್ಲ.

ಹೋದ ದಸರೆಗೆ ಕಂಪನಿ ಎಲ್ಲರಿಗೂ ಮಿಠಾಯಿಯ ಜೊತೆ ವೈರಿಲ್ಲದ ಇಯರ್‌ಫೋನು ಹಂಚಿತು. ಹೊಳಬಸಪ್ಪ ಮರುದಿನ ಬೆಳಗಿನ ಲೋಕಲ್ ರೈಲಿನಲ್ಲಿ ಅದನ್ನು ಕಿವಿಗೆ ಸಿಕ್ಕಿಸಿ ವಚನ ಹಚ್ಚಿದ. ಆಕುರ್ಡಿ ಬರುವಷ್ಟರಲ್ಲಿ ವಚನ ಮುಗಿಯಿತು. ಫೋನು ತನ್ನ ಸ್ವಂತ ಬುದ್ಧಿಯಿಂದ ಮುಂದಿನದಕ್ಕೆ ಹೋಯಿತು. ಢಂಢಂ ಎಂದು ಡ್ರಮ್ಮು, ಅದರ ಮೇಲೆ ಒಬ್ಬ ಮನುಷ್ಯನ ದನಿ. ಅದು ಎರಡು ತಿಂಗಳು ಎಣ್ಣೆ ಕಾಣದ ಬೇರಿಂಗಿನ ದನಿ. ಹೊಳಬಸಪ್ಪನ ಬಲಗೈ ಅಭ್ಯಾಸದಂತೆ ಕೆಂಪು ಚೀಟಿ ಅಂಟಿಸಲು ಮುಂದೆ ಹೋಗಿ, ಪಕ್ಕದವನ ಮೊಣಕಾಲ ಮೇಲೆ ಕೂತಿತು.

ಅಷ್ಟರಲ್ಲಿ ಆ ದನಿ ಒಡೆಯಿತು. ಗೇರ್‌ಬಾಕ್ಸ್ ಆಗಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಈ ಮನುಷ್ಯ ಒಡೆದ ಜಾಗದಿಂದಲೇ ಮುಂದಕ್ಕೆ ಹಾಡಿದ. ಹೊಳಬಸಪ್ಪ ಮತ್ತೊಮ್ಮೆ ಹಚ್ಚಿದ. ಆಮೇಲೆ ಮತ್ತೊಮ್ಮೆ. ಕಣ್ಣು ಬಿಟ್ಟಾಗ ತಳೇಗಾಂವ ಹಿಂದೆ ಹೋಗಿತ್ತು, ಕಾಮಶೇತ ಬಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲ ಸಲ ಅವನು ಕೆಲಸಕ್ಕೆ ತಡವಾಗಿ ಹೋದ. ತಲೆತಗ್ಗಿಸುವ ಬದಲು ಮೀಸೆಯಡಿಯಲ್ಲಿ ನಗುತ್ತ ಹೋದ ಎಂಬುದನ್ನು ಗೇಟಿನ ವಾಚ್‌ಮನ್ ಗಮನಿಸಿದ.

ಒಂದು ವಾರದಲ್ಲಿ ಅಂಥವರು ಏಳು ಮಂದಿ ಗುರುತಾದರು. ಕೆಲವರು ಇಂಗ್ಲಿಷಿನವರು, ಕೆಲವರು ಎಲ್ಲಿಯವರೋ. ಹೆಸರು ಫೋನಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರುತ್ತಿದ್ದರಿಂದ ಅವನೇ ಹೆಸರಿಟ್ಟ. ಮೊದಲನೆಯವನು ಒಣ ಬೇರಿಂಗ್. ಇನ್ನೊಬ್ಬ ನೆಗಡಿಯಾಂವ. ಒಬ್ಬಳು ಬೆಟ್ಟದ ಮೇಲೆ ನಿಂತು ಕೂಗಿದ ಹಾಗೆ ದನಿ ಎಳೆಯುತ್ತಿದ್ದಳು, ಅವಳು ಎಮ್ಮಿ ಹುಡುಕಾಕಿ. ಒಬ್ಬ ಬಾಗಲದಾಗ ಬೆರಳು ಸಿಕ್ಕಾಂವ. ಮತ್ತೆ ಹಲ್ಲಿಲ್ಲದ ಮುತ್ಯಾ, ನಿದ್ದಿಗಣ್ಣಿನ ಸಾಹೇಬ, ಮತ್ತು ನಡುವೆಯೇ ದನಿ ಗಂಡಿನಿಂದ ಹೆಣ್ಣಿಗೆ ಜಿಗಿಯುವ ಜಿಗಜಿಗಿ.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಧಾರವಾಡದ ರಕ್ತದವನು ಹೀಗೆ ಚೀರುವವರನ್ನು ಕೇಳುತ್ತಾನೆಂದು ರಾಧಾಬಾಯಿಗೆ ತಿಳಿದರೆ? ಕಲ್ಲವ್ವನಿಗೆ ಹೇಳಿದರೆ ಅದು ರಾಧಾಬಾಯಿಗೆ ಹೇಳಿದ ಹಾಗೆಯೇ. ಇಬ್ಬರೂ ದಿನಾ ಮಧ್ಯಾಹ್ನ ಜೊತೆಗೆ ಕೂತು ಸೊಪ್ಪು ಸೋಸುತ್ತಿದ್ದರು. ಆದರೆ ಕಾರ್ಖಾನೆಯ ಅಭ್ಯಾಸ ದೊಡ್ಡದು. ಕೇಳಿದ್ದನ್ನು ಬರೆದಿಡದಿದ್ದರೆ ಅವನಿಗೆ ಕೇಳಿದ ಹಾಗೇ ಆಗುತ್ತಿರಲಿಲ್ಲ. ಒಂದು ಸಣ್ಣ ನೋಟ್‌ಬುಕ್ ಮಾಡಿದ. ಕಾರ್ಖಾನೆಯ ಮರಾಠಿ ಮಂದಿ ಓದಬಾರದೆಂದು ಕನ್ನಡದಲ್ಲಿ ಬರೆದ. ಮನೆಯಲ್ಲಿ ಒಬ್ಬಳು ಕನ್ನಡ ಓದುತ್ತಾಳೆಂಬುದು ಮರೆತುಹೋಗಿತ್ತು.

ಕಲ್ಲವ್ವ ಪ್ಯಾಂಟು ಒಗೆಯಲು ಹಾಕುವ ಮುನ್ನ ಕಿಸೆ ತಡವಿದಳು. ನೋಟ್‌ಬುಕ್ ಸಿಕ್ಕಿತು. ನಿಂತಲ್ಲೇ ಓದಿದಳು.

"ಸೋಮವಾರ. ಒಣ ಬೇರಿಂಗ್ ಮುಂಜಾನೆನೇ ಬಂದ. ಭಾಳ ಹೊತ್ತು ಇದ್ದ. ಏನಂದ ತಿಳೀಲಿಲ್ಲ, ಆದ್ರ ಖರೇ ಅನಸ್ತು.

"ಬುಧವಾರ. ಎಮ್ಮಿ ಹುಡುಕಾಕಿ ದೇಹೂರೋಡ್ ತನಕ ಅತ್ತಳು. ನನಗೂ ಕಣ್ಣಾಗ ನೀರು. ಎದುರಿಗೆ ಕೂತಾಂವ ಎದ್ದು ಬ್ಯಾರೆ ಡಬ್ಬಿಗೆ ಹೋದ.

"ಗುರುವಾರ. ಬೆರಳು ಸಿಕ್ಕಾಂವ ಜೀವ ಹೋಗೂ ಹಂಗ ಚೀರಿದ. ಊಟದ ಹೊತ್ತಿನ್ಯಾಗ ಮತ್ತೊಮ್ಮೆ ಕರಸಿದೆ. ಕಲ್ಲವ್ವಗ ಹೇಳಬಾರದು. ಆಕಿಗೆ ತಡಕೊಳ್ಳೂದು ಆಗಂಗಿಲ್ಲ."

ಕಲ್ಲವ್ವ ಪ್ಯಾಂಟನ್ನು ಅಲ್ಲೇ ಬಿಟ್ಟು ತಮ್ಮನಿಗೆ ಫೋನು ಮಾಡಿದಳು.

ತಮ್ಮ ಮಾಂತು ವಾಕಡದಲ್ಲಿ ಬಾಡಿಗೆ ಮನೆ ಕೊಡಿಸುವ ಏಜೆಂಟ. ದಿನಾ ನೂರು ಮನೆಯ ಒಳಗೆ ಇಣುಕುವವನಾದ್ದರಿಂದ ಜಗತ್ತಿನ ಎಲ್ಲ ವಿಷಯವೂ ಅವನಿಗೆ ಸ್ವಲ್ಪ ಸ್ವಲ್ಪ ಗೊತ್ತು. ಬಂದು, ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮುಚ್ಚಿ, ಮೇಲೆ ಕೈ ಇಟ್ಟ.

"ಯಾರ ಅಂತೀ ಈ ಎಮ್ಮಿ ಹುಡುಕಾಕಿ?" ಕಲ್ಲವ್ವ ಕೇಳಿದಳು. "ದೇಹೂರೋಡ್‌ನಾಗ ಎಮ್ಮಿ ಎಲ್ಲಿ ಅದಾವು?"

"ಅಕ್ಕಾ, ಇದು ಹೆಣ್ಣಿನ ಭಾನಗಡಿ ಅಲ್ಲ. ಒಬ್ಬಾಕಿ ಇದ್ರ ಹಂಗ ಅನ್ನಬಹುದಿತ್ತು. ಇಲ್ಲಿ ಏಳು ಮಂದಿ ಅದಾರ, ಅದರಾಗ ಒಬ್ಬಾಂವಗ ಹಲ್ಲಿಲ್ಲ. ಇದು ತಲಿ ಭಾನಗಡಿ."

"ಅಂದ್ರ?"

"ಮಾವಾರಿಗೆ ದನಿ ಕೇಳಸಾಕತ್ತಾವ. ಯಾರೂ ಇರಂಗಿಲ್ಲ, ದನಿ ಇರ್ತದ. ವಾಟ್ಸಾಪಿನ್ಯಾಗ ಇದರ ಮ್ಯಾಲ ಒಂದು ವಿಡಿಯೋನ ಬಂದಿತ್ತು. ನೀ ಮಾತ್ರ ಏನೂ ಕೇಳಬ್ಯಾಡ. ಕೇಳಿದ್ರ ಹೆಚ್ಚಾಗ್ತದ. ನಗನಗತ ಇರು."

ಕಲ್ಲವ್ವ ನಗುನಗುತ್ತ ಇರತೊಡಗಿದಳು. ಅದು ಅವಳ ಸ್ವಭಾವವಲ್ಲ. ರೊಟ್ಟಿ ಬಡಿಸುತ್ತ ನಕ್ಕಳು, ಪಲ್ಯ ಬಡಿಸುತ್ತ ನಕ್ಕಳು. ಅದೇ ದಿನದಿಂದ ಊರ ದೇವರಿಗೆ ಹರಕೆ ಹೊತ್ತು ಉಪ್ಪಿಲ್ಲದ ಊಟ ಹಿಡಿದಳು. ಮಾಂತು ಎರಡು ದಿನಕ್ಕೊಮ್ಮೆ ಬಂದು, ಈಳಿಗೆಮಣೆ ಕಾಣದ ಜಾಗದಲ್ಲಿದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದ.

ಮೂರನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ಹಿರಿಯರೊಬ್ಬರಿಗೆ ಹೇಳಿದರೆ ಹಗುರಾದೀತೆಂದು ಸೊಪ್ಪು ಸೋಸುವಾಗ ರಾಧಾಬಾಯಿಯ ಮುಂದೆ ಬಾಯಿಬಿಟ್ಟಳು. ಅವಳ ಮರಾಠಿ ಕಾಯಿಪಲ್ಯದ ಮಾರುಕಟ್ಟೆಗೆ ಸಾಕಾಗುವಷ್ಟಿತ್ತು, ಇಂಥ ವಿಷಯಕ್ಕೆ ಅಲ್ಲ. "ತ್ಯಾಂನಾ ಆವಾಜ ಐಕೂ ಯೇತಾತ್" ಎಂದಳು. ಅವರಿಗೆ ದನಿ ಕೇಳಿಸುತ್ತವೆ. "ಕೋಣೀ ನಸ್ತಂ, ತರೀ." ಯಾರೂ ಇರುವುದಿಲ್ಲ, ಆದರೂ.

ರಾಧಾಬಾಯಿಯ ಕೈಯಲ್ಲಿದ್ದ ಮೆಂತ್ಯದ ಕಡ್ಡಿ ಕೆಳಗೆ ಬಿತ್ತು. ಕಣ್ಣು ಒದ್ದೆಯಾದವು. ಐವತ್ತು ವರ್ಷ ತಂಬೂರಿ ಮೀಟಿದರೂ ತನಗೆ ಬಾರದ ಯೋಗ ಅದು, ಹಿಂದಿನ ಕಾಲದ ದೊಡ್ಡವರಿಗೆ ಮಾತ್ರ ಹಾಗೆ ಒಳಗಿನಿಂದ ಸ್ವರ ಕೇಳಿಸುತ್ತಿತ್ತಂತೆ, ಎಂದರು. "ಎಷ್ಟು ಸ್ವರ ಕೇಳಿಸುತ್ತವೆ?"

"ಏಳು" ಎಂದಳು ಕಲ್ಲವ್ವ.

ರಾಧಾಬಾಯಿ ಎದ್ದು ಹೋಗಿ ದೇವರಿಗೆ ದೀಪ ಹಚ್ಚಿದರು.

ಸಂಜೆಯೊಳಗೆ ಸುದ್ದಿ ಎ ವಿಂಗು, ಬಿ ವಿಂಗು ದಾಟಿ ಪಾರ್ಕಿಂಗಿಗೆ ಇಳಿದಿತ್ತು. ತನ್ನ ಮನೆಯಲ್ಲಿ ರೋಗಿಯಾಗಿದ್ದ ಹೊಳಬಸಪ್ಪ ಹೊಸ್ತಿಲು ದಾಟಿದರೆ ಸಿದ್ಧಪುರುಷನಾಗಿದ್ದ. ಲಿಫ್ಟಿನಲ್ಲಿ ಒಬ್ಬ ತಾಯಿ ಹಾರ್ಮೋನಿಯಂ ಕಲಿಯುವ ತನ್ನ ಮಗಳ ತಲೆಯ ಮೇಲೆ ಅವನ ಕೈ ಇಡಿಸಿದಳು. ಯಾವಾಗ ತೆಗೆಯಬೇಕೆಂದು ತಿಳಿಯದೆ ಅವನು ನಾಲ್ಕನೆಯ ಮಹಡಿಯವರೆಗೂ ಇಟ್ಟುಕೊಂಡೇ ನಿಂತ. ಬ್ಯಾಂಕ್ ಮ್ಯಾನೇಜರು ಮಾತ್ರ, ತನಗೂ ಒಮ್ಮೆ ಕೇಳಿಸಿತ್ತು, ಆದರೆ ಅದು ಮೇಲಿನ ಮನೆಯ ನಲ್ಲಿಯಾಗಿತ್ತು, ಎಂದರು. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ದೀಪಾವಳಿ ಪಾಡ್ಯದ ಬೆಳಗಿನ ಗಾಯನದಲ್ಲಿ ಹೊಳಬಸಪ್ಪನಿಗೆ ಶಾಲು ಹೊದಿಸಿ "ರಸಿಕ ಸನ್ಮಾನ" ಮಾಡುವುದೆಂದು ರಾಧಾಬಾಯಿ ನಿರ್ಧರಿಸಿ, ಆಮಂತ್ರಣಪತ್ರ ಅಚ್ಚಿಗೆ ಕೊಟ್ಟರು. ಪುಣೆಯಲ್ಲಿ ಹಾಡುವವರಿಗೆ ಸನ್ಮಾನ ದಿನಾ ಆಗುತ್ತದೆ, ಕೇಳುವವನಿಗೆ ಇದೇ ಮೊದಲು ಎಂಬುದು ಅವರ ಅಭಿಮಾನ.

ಆಮಂತ್ರಣ ಕಂಡು ಹೊಳಬಸಪ್ಪ ಬೆವತ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಕಾರ್ಖಾನೆಯಲ್ಲಿ ಕಾದಿತ್ತು. ಮಾಂತು ಅಕ್ಕನ ಮೇಲಿನ ಪ್ರೀತಿಯಿಂದ ಕಾರ್ಖಾನೆಗೆ ಫೋನು ಮಾಡಿ, ಇಪ್ಪತ್ತೆರಡು ವರ್ಷ ಸದ್ದಿನ ಕೋಣೆಯಲ್ಲಿ ಕೂತವನಿಗೆ ಇಲ್ಲದ ದನಿ ಕೇಳಿಸಬಹುದೇ ಎಂದು ವಿಚಾರಿಸಿದ್ದ. ಮ್ಯಾನೇಜರ್ ಸಾಹೇಬರು ಫೋನಿಟ್ಟವರೇ ಹೊಳಬಸಪ್ಪನನ್ನು ಕರೆಸಿದರು.

"ನಿಮ್ಮ ಕಿವಿಯ ವಿಷಯ ನಮಗೆ ತಿಳಿಯಿತು" ಎಂದರು ಹಿಂದಿಯಲ್ಲಿ, ಮೇಜಿನ ಕಡೆ ನೋಡುತ್ತ. "ಡಾಕ್ಟರರ ಸರ್ಟಿಫಿಕೇಟ್ ತನ್ನಿ. ಅಲ್ಲಿಯವರೆಗೆ ಆ ಕೋಣೆಗೆ ಹೋಗಬೇಡಿ."

ಹೊಳಬಸಪ್ಪನಿಗೆ ಎಲ್ಲವೂ ಅರ್ಥವಾಯಿತು, ಪೂರ್ತಿ ತಪ್ಪಾಗಿ. ಊಟದ ಹೊತ್ತಿನಲ್ಲಿ ತಾನು ಚೀರಾಟ ಕೇಳುವುದನ್ನು ಯಾರೋ ನೋಡಿದ್ದಾರೆ. ಜೋರು ಸಂಗೀತದಿಂದ ಕಿವಿ ಕೆಟ್ಟಿದೆ ಎಂದು ಇವರ ಅನುಮಾನ. ನಾಲ್ಕು ದಿನ ಸ್ಟೋರಿನಲ್ಲಿ ಕೈಗವಸುಗಳನ್ನು ಜೋಡಿಯಾಗಿ ಹೊಂದಿಸುತ್ತ ಕೂತ. ಅವನ ಕುರ್ಚಿಯಲ್ಲಿ ಬೇರೆ ಯಾರೋ ಕೂತು, ಕೀರುವ ಗೇರ್‌ಬಾಕ್ಸುಗಳಿಗೆ ಹಸಿರು ಚೀಟಿ ಹಚ್ಚುತ್ತಿದ್ದ. ದಪ್ಪ ಗೋಡೆಯಾಚೆಯಿಂದಲೂ ಆ ಕೀರು ಇವನಿಗೆ ಕೇಳಿಸುತ್ತಿತ್ತು.

ಹೀಗಾಗಿ, "ಮಾವಾರ, ನನಗ ಒಬ್ಬ ಡಾಕ್ಟರು ಗುರ್ತು ಅದಾರ, ನಡೀರಿ" ಎಂದು ಮಾಂತು ಹೇಳಿದ್ದೇ ತಡ, ಹೊಳಬಸಪ್ಪ ಚಪ್ಪಲಿ ಮೆಟ್ಟಿದ. ಇಷ್ಟು ಸಲೀಸಾಗಿ ಹೊರಟದ್ದು ನೋಡಿ ಕಲ್ಲವ್ವನಿಗೆ ಮತ್ತಷ್ಟು ಹೆದರಿಕೆಯಾಯಿತು.

ಡಾಕ್ಟರ್ ಇಂದೂ ಎಂಬುವರು ಗೋಕಾಕದವರು, ಮನೋರೋಗ ತಜ್ಞೆ. ತಲೆಯ ಕಾಯಿಲೆ ತಾಯ್ನುಡಿಯಲ್ಲೇ ಗುಣವಾಗಬೇಕು ಎಂಬ ವಾದದ ಮೇಲೆ ಮಾಂತು ಅವರನ್ನು ಹುಡುಕಿದ್ದ. ದವಾಖಾನೆಯ ಬೋರ್ಡಿಗೆ ದೀಪಾವಳಿಯ ಆಕಾಶಬುಟ್ಟಿ ಅಡ್ಡ ತೂಗುತ್ತಿತ್ತು. ಮರಾಠಿ ಬರಹದ ಕೊನೆಯ "ತಜ್ಞ" ಅಷ್ಟೇ ಕಾಣುತ್ತಿತ್ತು. ಕಿವಿಯ ತಜ್ಞೆ ಎಂದುಕೊಂಡು ಹೊಳಬಸಪ್ಪ ಒಳಗೆ ಹೋದ. ಅಕ್ಕ-ತಮ್ಮ ಹೊರಗೆ ಕೂತರು.

"ನಿಮಗ ದನಿ ಕೇಳಸ್ತಾವ ಅಂತ ಹೇಳಿದ್ರು. ಹೌದೇನ್ರಿ?" ಡಾಕ್ಟರು ಮೆತ್ತಗೆ ಕೇಳಿದರು.

ಹೊಳಬಸಪ್ಪ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದ. "ಹೌದ್ರಿ. ಇನ್ನ ಮುಚ್ಚಿಡೂದೇನದ."

"ಎಷ್ಟ ಮಂದಿ?"

"ಏಳು ಮಂದಿರಿ. ಮೊದಲ ಒಬ್ಬನ ಇದ್ದ. ಆಮ್ಯಾಲೆ ಒಬ್ಬರಿಂದ ಒಬ್ಬರು ಗುರ್ತಾದ್ರು."

"ಯಾವಾಗ ಬರ್ತಾರ?"

"ಮುಂಜಾನೆ ಎಂಟು ಹನ್ನೆರಡರ ಲೋಕಲ್‌ಗೆ. ಸಂಜಿಕ ವಾಪಸ್ ಬರೂಮುಂದನೂ."

"ಅವರು ನಿಮಗ ಏನರೆ ಮಾಡು ಅಂತ ಹೇಳ್ತಾರೇನು?"

"ಏನಂತಾರೋ ತಿಳ್ಯಂಗಿಲ್ರಿ, ಅವರ ಭಾಷಾ ನನಗ ಬರಂಗಿಲ್ಲ. ಒಬ್ಬಾಂವ ಮಾತ್ರ ಹೋಗಬ್ಯಾಡ, ಹೋಗಬ್ಯಾಡ ಅಂತಾನ ಅನಸ್ತದ. ಆದ್ರ ಅದು ನನಗಲ್ಲ, ಬ್ಯಾರೆ ಯಾರಿಗೋ."

ಡಾಕ್ಟರು ಒಂದು ಸಾಲು ಬರೆದು, ಅದರ ಕೆಳಗೆ ಗೆರೆ ಎಳೆದರು. "ಅವರು ಬಂದ್ರ ತ್ರಾಸ ಆಗ್ತದೇನು?"

"ಇಲ್ರಿ. ಬರದಿದ್ರ ತ್ರಾಸ."

"ಈಗ ಈ ಖೋಲಿಯೊಳಗ ಯಾರರೆ ಅದಾರೇನು?"

ಹೊಳಬಸಪ್ಪ ಅಂಗಿಯ ಕಿಸೆಯನ್ನು ಮುಟ್ಟಿ ನೋಡಿಕೊಂಡ. "ಎಲ್ಲಾರೂ ಅದಾರ್ರಿ. ಸುಮ್ನ ಅದಾರ."

ಎರಡನೆಯ ಗೆರೆ. "ನೀವು ಸಾಕು ಅಂದ್ರ ನಿಲ್ಲಸ್ತಾರೇನು?"

"ನಿಲ್ಲಸ್ತಾರ. ನಾ ಅನ್ನದಿದ್ರೂ ಚಾರ್ಜ್ ಮುಗದ್ರ ತಾವ ನಿಲ್ಲಸ್ತಾರ."

ಡಾಕ್ಟರ ಪೆನ್ನು ನಿಂತಿತು. ತಲೆಯೆತ್ತಿ ಅವನನ್ನೂ, ಅವನ ಕಿಸೆಯನ್ನೂ ನೋಡಿದರು. "ಸ್ವಲ್ಪ ಹಚ್ಚಿ ತೋರಸ್ರಿ" ಎಂದರು.

ಜೀವನದಲ್ಲಿ ಮೊದಲ ಸಲ ಒಬ್ಬರು ಕೇಳುತ್ತೇನೆಂದರು. ಹೊಳಬಸಪ್ಪ ಎಮ್ಮಿ ಹುಡುಕಾಕಿಯನ್ನು ಆರಿಸಿ, ದನಿ ಪೂರ್ತಿ ಏರಿಸಿ, ಫೋನನ್ನು ಮೇಜಿನ ಮೇಲಿಟ್ಟ.

ಹೊರಗೆ ಕೂತಿದ್ದ ಕಲ್ಲವ್ವನಿಗೆ ಕೇಳಿಸಿದ್ದು ಮುಚ್ಚಿದ ಬಾಗಿಲ ಹಿಂದೆ ಒಬ್ಬ ಹೆಂಗಸಿನ ಎದೆ ಸೀಳುವ ಕೂಗು. "ಮಾಂತು, ಡಾಕ್ಟರಿಗೆ ಏನೋ ಮಾಡಿದ್ರೋ" ಎನ್ನುತ್ತ ಅವಳು ಬಾಗಿಲು ದೂಡಿ ಒಳನುಗ್ಗಿದಳು. ಒಳಗೆ ಡಾಕ್ಟರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು, ಗಂಡ ಕಣ್ಣು ಮುಚ್ಚಿದ್ದ, ಫೋನು ಅಳುತ್ತಿತ್ತು.

ಡಾಕ್ಟರು ಅವಳಿಗೂ ಕುರ್ಚಿ ತೋರಿಸಿದರು. ಹಾಡು ಮುಗಿದ ಮೇಲೆ ವಿಷಯವೆಲ್ಲ ಬಿಚ್ಚಿಕೊಂಡಿತು. ಮಾಂತು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

ಕಲ್ಲವ್ವ ಬೈಯುತ್ತಾಳೆಂದು ಹೊಳಬಸಪ್ಪ ಕಾದ. ಅವಳು ಬೈಯಲಿಲ್ಲ. ಫೋನನ್ನು ಕೈಗೆತ್ತಿಕೊಂಡು, ಅದರ ಮೇಲಿದ್ದ ಹೆಂಗಸಿನ ಸಣ್ಣ ಚಿತ್ರ ನೋಡಿದಳು.

"ಈಕಿ ಎಮ್ಮಿ ಹುಡುಕಾಕತ್ತಿಲ್ಲ ಬಿಡ್ರಿ" ಎಂದಳು. "ಎಮ್ಮಿ ಮನಿಗೆ ಬಂದದ. ಕರು ಬಂದಿಲ್ಲ. ಆ ಕೂಗೇ ಬ್ಯಾರೆ."

"ಹೌದಲ್ಲ" ಎಂದ ಹೊಳಬಸಪ್ಪ. ಎರಡು ವಾರಕ್ಕೂ ಹೆಚ್ಚು ಕೇಳಿದ ಅವನಿಗೆ ಅದು ಹೊಳೆದಿರಲಿಲ್ಲ.

"ಒಂಬತ್ತ ದಿನ ಉಪ್ಪಿಲ್ಲದ ಉಂಡೇನಿ ನಿಮ್ಮ ಸಲುವಾಗಿ" ಎಂದು ಆಮೇಲೆ ಬೈದಳು. ಅದು ಮನೆ ಮುಟ್ಟುವವರೆಗೂ ನಡೆಯಿತು.

ಡಾಕ್ಟರು ಸರ್ಟಿಫಿಕೇಟ್ ಬರೆದುಕೊಟ್ಟರು. ಇವರಿಗೆ ದನಿಗಳು ಕೇಳಿಸುವುದು ನಿಜ, ತಾನೂ ಒಂದನ್ನು ಕೇಳಿದ್ದೇನೆ, ಚಿಕಿತ್ಸೆಯ ಅಗತ್ಯವಿಲ್ಲ. ಮ್ಯಾನೇಜರ್ ಸಾಹೇಬರು ಅದನ್ನು ಮೂರು ಸಲ ಓದಿ, ಡಾಕ್ಟರಿಗೇ ಫೋನು ಮಾಡಿ ಖಾತ್ರಿ ಮಾಡಿಕೊಂಡು, ಅವನನ್ನು ಕೋಣೆಗೆ ವಾಪಸು ಕಳಿಸಿದರು. ನಾಲ್ಕು ದಿನದಲ್ಲಿ ಹಸಿರು ಚೀಟಿ ಹೊತ್ತು ಹೋಗಿದ್ದ ಹದಿನೇಳು ಗೇರ್‌ಬಾಕ್ಸುಗಳನ್ನು ಅವನು ಗೋದಾಮಿನಿಂದ ಹೊರಗೆಳೆದ ಮೇಲೆ, ಸಾ‌ಹೇಬರು ಕಿವಿಯ ಮಾತನ್ನೇ ಎತ್ತಲಿಲ್ಲ.

ಉಳಿದದ್ದು ಸನ್ಮಾನ.

"ರಾಧಾಬಾಯಾರಿಗೆ ಖರೇ ಹೇಳ್ರಿ" ಎಂದಳು ಕಲ್ಲವ್ವ. "ನಿಮಗ ದೇವರ ದನಿ ಕೇಳಸ್ತದ ಅಂತ ಆ ಮುದುಕಿ ದೀಪಾ ಹಚ್ಚ್ಯಾಳ."

"ಸನ್ಮಾನ ಮುಗೀಲಿ, ಆಮ್ಯಾಲೆ ಹೇಳ್ತೀನಿ."

"ಶಾಲು ಹೊತಗೊಂಡ ಮ್ಯಾಲ ಯಾರೂ ಖರೇ ಹೇಳಿಲ್ಲ."

ಪಾಡ್ಯದ ಬೆಳಿಗ್ಗೆ ಆರೂವರೆಗೆ ಸೊಸೈಟಿಯ ಹಾಲ್ ತುಂಬಿತ್ತು. ಎಲ್ಲರ ಮೈಯಿಂದಲೂ ಎಣ್ಣೆಸ್ನಾನಕ್ಕೆ ಹಚ್ಚುವ ಉಟಣೆ ಪುಡಿಯ ವಾಸನೆ. ಒಬ್ಬ ಗಾಯಕಿಯ ಹಾಡು ಆಯಿತು. ಹೊಳಬಸಪ್ಪ ಅಂದು ಒಂದು ಸಲವೂ "ವ್ಹಾ" ಎನ್ನಲಿಲ್ಲ. ಅದನ್ನು ಜನ ಇನ್ನೂ ಹೆಚ್ಚಿನ ಆಳ ಎಂದು ತಿಳಿದರು. ರಾಧಾಬಾಯಿ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಅಂತರ್ನಾದದ ಬಗ್ಗೆ ಎರಡು ಮಾತಾಡಿ ಎಂದು ಮೈಕು ಅವನ ಕೈಗಿತ್ತರು. ಹೊಳಬಸಪ್ಪ ಹೆಂಡತಿಯ ಕಡೆ ನೋಡಿದ. ಕಲ್ಲವ್ವ ನಗುತ್ತಿರಲಿಲ್ಲ. ಅದೇ ಅವನಿಗೆ ಧೈರ್ಯ ಕೊಟ್ಟಿತು.

ತನ್ನ ಕಾರ್ಖಾನೆಯ ಮರಾಠಿಯಲ್ಲಿ ಶುರುಮಾಡಿದ. ತಾನು ಧಾರವಾಡದವನಲ್ಲ, ಇಂಡಿಯ ಕಡೆಯವನು. ಧಾರವಾಡವನ್ನು ಎರಡೇ ಸಲ ನೋಡಿದ್ದು, ಎರಡು ಸಲವೂ ಬಸ್ಸು ಬದಲಿಸಲು. ಹದಿನಾಲ್ಕು ವರ್ಷ ಇಲ್ಲಿ ಕೂತದ್ದರಲ್ಲಿ ಒಂದು ರಾಗದ ಹೆಸರೂ ತನಗೆ ಗೊತ್ತಿಲ್ಲ. ಕೇಳಿಸುವ ಏಳು ದನಿ ಒಳಗಿನವಲ್ಲ, ಫೋನಿನವು. ರಾಕ್ ಹಾಡುವ ವಿಚಿತ್ರ ಗಂಟಲಿನ ಏಳು ಮಂದಿ. ಒಬ್ಬರದೂ ಸರಿಯಾದ ದನಿಯಲ್ಲ, ಆದರೆ ಅವರನ್ನು ಬಿಟ್ಟು ಇರಲು ಆಗುತ್ತಿಲ್ಲ. ಎಲ್ಲರೂ ಕ್ಷಮಿಸಬೇಕು. ಶಾಲು ತೆಗೆದು ಮಡಿಸಿದ. ಮಡಿಕೆ ಸರಿಯಾಗಲಿಲ್ಲ.

ಲಿಫ್ಟಿನ ತಾಯಿ ಮಗಳ ತಲೆಯನ್ನು ಸೆರಗಿನಿಂದ ಒರೆಸಿದಳು. "ಮೋಸ" ಎಂದು ಬ್ಯಾಂಕ್ ಮ್ಯಾನೇಜರು ಎದ್ದು ನಿಂತರು. ಹದಿನಾಲ್ಕು ವರ್ಷದ ತಮ್ಮ ವ್ಹಾಗಳನ್ನು ಯಾರೋ ಮುಂದಿನ ಸಾಲಿನಲ್ಲಿ ಕೂತು ನಕಲು ಮಾಡಿದ್ದಾರೆಂಬುದು ಅವರಿಗೆ ಆಗಷ್ಟೇ ಹೊಳೆದಿರಬೇಕು.

ರಾಧಾಬಾಯಿ ವೇದಿಕೆಯ ಮೇಲೆ ತಂಬೂರಿಯ ಪಕ್ಕ ಕೂತರು. "ಒಂದು ಹಚ್ಚಿ" ಎಂದರು.

ಅವನು ಒಣ ಬೇರಿಂಗನ್ನು ಹಚ್ಚಿ, ಫೋನನ್ನು ಮೈಕಿಗೆ ಹಿಡಿದ. ಆ ದನಿ ಹಾಲ್‌ನ ನಾಲ್ಕೂ ಗೋಡೆಗೆ ಬಡಿಯಿತು. ಎರಡನೆಯ ಸಾಲು ಎದ್ದುಹೋಯಿತು. ಬ್ಯಾಂಕ್ ಮ್ಯಾನೇಜರು ಕುರ್ಚಿಯ ಸಮೇತ ಹೋದರು, ಅದು ಅವರ ಮನೆಯ ಕುರ್ಚಿ. ರಾಧಾಬಾಯಿ ಕಣ್ಣು ಮುಚ್ಚಿ, ಒಂದು ಬೆರಳಿನಿಂದ ತೊಡೆಯ ಮೇಲೆ ತಾಳ ಹುಡುಕುತ್ತ, ಬಿಡುತ್ತ, ಮತ್ತೆ ಹುಡುಕುತ್ತ ಕೊನೆಯವರೆಗೆ ಕೇಳಿದರು.

"ಬೇಸೂರ ಆಹೆ" ಎಂದರು. ಶ್ರುತಿ ತಪ್ಪಿದ್ದಾನೆ. ಆಮೇಲೆ, "ಪಣ ಖೋಟಾ ನಾಹೀ." ಆದರೆ ಸುಳ್ಳಲ್ಲ.

ಹೊಳಬಸಪ್ಪ ಮಡಿಸಿದ ಶಾಲನ್ನು ಅವರ ಮುಂದೆ ಇಟ್ಟ. ಅವರು ಅದನ್ನು ಕೊಡವಿ ಮತ್ತೆ ಅವನ ಹೆಗಲಿಗೆ ಹಾಕಿದರು. "ನಿಮಗೆ ಗಾಣಂ ತಿಳಿಯುವುದಿಲ್ಲ ಎಂದು ನನಗೆ ಎರಡನೆಯ ತಿಂಗಳೇ ಗೊತ್ತಾಗಿತ್ತು" ಎಂದರು. "ಮೈಕಿನವನು ಹಲೋ ಹಲೋ ಚೆಕ್ ಎಂದಾಗ ನೀವು ಕಣ್ಣು ಮುಚ್ಚಿ ತಲೆದೂಗಿದಿರಿ. ಅಂತರ್ನಾದ ಮಾತ್ರ ನಂಬಿದ್ದೆ. ಏನೂ ತಿಳಿಯದವನಿಗೇ ಅದು ಬರಬೇಕು ಅಂತ. ಹೋಗಲಿ. ತಿಳಿದವರೆಲ್ಲ ಮಧ್ಯಂತರದಲ್ಲಿ ಊಟಕ್ಕೆ ಹೋಗುತ್ತಾರೆ. ನನ್ನ ವಿದ್ಯಾರ್ಥಿಗಳು ಹೆದರಿ ಹೆದರಿ ಕೊನೆಗೆ ಹಾಡುವಾಗ ಎದುರಿಗೆ ಒಬ್ಬ ಮನುಷ್ಯ ಬೇಕಲ್ಲ. ಹದಿನಾಲ್ಕು ವರ್ಷ ನೀವು ಒಮ್ಮೆಯೂ ಏಳಲಿಲ್ಲ."

ನಿಜ ಹೇಳಬೇಕೆಂದರೆ ಹೊಳಬಸಪ್ಪ ಏಳದೆ ಇದ್ದದ್ದು ಸಂಕೋಚಕ್ಕೆ. ಆದರೆ ಅಂದು ಹೇಳಬೇಕಾದ ನಿಜವನ್ನೆಲ್ಲ ಹೇಳಿಯಾಗಿತ್ತು, ಇದೊಂದನ್ನು ಉಳಿಸಿಕೊಂಡ.

"ಆದರೆ ಸುಳ್ಳಿಗೆ ದಂಡ ಉಂಟು" ಎಂದರು ರಾಧಾಬಾಯಿ. "ಇವತ್ತಿನ ಆಭಾರ ನೀವೇ ಹೇಳಬೇಕು. ನಿಮ್ಮ ಗಾಯಕರೂ ಸೇರಿ ಎಲ್ಲರಿಗೂ."

ಕಾರ್ಯಕ್ರಮದ ಕೊನೆಯ ವಂದನಾರ್ಪಣೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ; ಫರಾಳದ, ಅಂದರೆ ಹಬ್ಬದ ತಿಂಡಿಯ, ತಟ್ಟೆಗಳ ಕಡೆ ಕಣ್ಣಿರುತ್ತದೆ. ಅಂದು ಉಳಿದಿದ್ದ ಇಪ್ಪತ್ತು ಮಂದಿ ಕೂತಲ್ಲೇ ಕೂತರು. ಹೊಳಬಸಪ್ಪ ಗಂಟಲು ಸರಿಮಾಡಿಕೊಂಡ.

ಒಣ ಬೇರಿಂಗ್ ಸಾಹೇಬರಿಗೆ ಆಭಾರಿ ಎಂದ. ಒಡೆದದ್ದೆಲ್ಲ ವಾಪಸು ಕಳಿಸಬೇಕು ಎಂದುಕೊಂಡಿದ್ದವನಿಗೆ, ಒಡೆದ ಮೇಲೂ ಅರ್ಧ ಹಾಡು ಉಳಿದಿರುತ್ತದೆ ಎಂದು ತೋರಿಸಿದ್ದಕ್ಕೆ. ನೆಗಡಿಯವರಿಗೆ, ಮೂಗು ಕಟ್ಟಿದ್ದರೂ ರಜೆ ಹಾಕದೆ ಹಾಡಿದ್ದಕ್ಕೆ. ಬೆರಳು ಸಿಕ್ಕವರಿಗೆ, ಕಾರ್ಖಾನೆಯಲ್ಲಿ ತನಗೆ ಚೀರಬೇಕೆನಿಸಿದಾಗಲೆಲ್ಲ ತನ್ನ ಪರವಾಗಿ ಚೀರಿದ್ದಕ್ಕೆ. ಹಲ್ಲಿಲ್ಲದ ಮುತ್ಯಾನಿಗೆ, ನಿದ್ದೆಗಣ್ಣಿನ ಸಾಹೇಬರಿಗೆ, ಜಿಗಜಿಗಿಗೆ. ಕರು ಹುಡುಕುವ ತಾಯಿಗೆ, ಅದು ಬೇಗ ಸಿಗಲಿ ಎಂಬ ಹಾರೈಕೆಯೊಂದಿಗೆ. ಇವರ ನಿಜವಾದ ಹೆಸರು ತನಗೆ ಹೇಳಲು ಬರುವುದಿಲ್ಲ, ಅವರು ತಪ್ಪು ತಿಳಿಯಬಾರದು. ಅವರು ಸರಿಯಾದ ದನಿಗಾಗಿ ಕಾಯುತ್ತ ಕೂತಿದ್ದರೆ ಇವೆಲ್ಲ ತನಗೆ ಸಿಗುತ್ತಲೇ ಇರಲಿಲ್ಲ. ಇಷ್ಟು ಹೇಳಿ, ಹಾಡಿದ ಗಾಯಕಿಗೆ, ತಬಲಾದವರಿಗೆ, ಡಾಕ್ಟರಿಗೆ, ಮೈಕಿನವರಿಗೆ, ಮತ್ತು ಈಗಷ್ಟೇ ಹಿಂದಿನ ಬಾಗಿಲಿನಿಂದ ಚಕ್ಕಲಿಗಾಗಿ ವಾಪಸು ಬಂದಿದ್ದ ಬ್ಯಾಂಕ್ ಮ್ಯಾನೇಜರಿಗೂ ಆಭಾರಿ ಎಂದು ಮುಗಿಸಿದ.

ಮೈಕು ಕೆಳಗಿಡಲು ಬಗ್ಗಿದಾಗ ಮೂರನೆಯ ಸಾಲಿನಿಂದ ಕನ್ನಡದಲ್ಲಿ ಒಂದು ಮಾತು ಬಂತು.

"ಮತ್ತ ನಂದು?"

ಹೊಳಬಸಪ್ಪ ನೆಟ್ಟಗಾದ. ಕಿವಿ ಕೆಂಪಾದವು. ಕಲ್ಲವ್ವನಿಗೂ ಆಭಾರಿ ಎಂದ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಮೊದಲ ಸಲ, ಅದೂ ಮೈಕಿನಲ್ಲಿ. ಏತಕ್ಕಾಗಿ ಎಂದು ಹೇಳಲು ಹೋದ, ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ದನಿ ಕೀರಿ ಅರ್ಧಕ್ಕೇ ಸಿಕ್ಕಿಕೊಂಡಿತು.

ಕಲ್ಲವ್ವ ಸೆರಗು ಸರಿಮಾಡಿಕೊಂಡಳು. "ಆತು, ತಿಳೀತು" ಎಂದಳು. "ಇಳೀರಿ ಇನ್ನ ಕೆಳಗ, ಚಾ ಆರ್ತದ."